ಕಲಬುರಗಿಯವರೇ, ಕಂಪನಿಯ ಹೆಸರೊಂದನ್ನೇ ನಂಬಿ ಏಸಿ ಕೊಳ್ಳಬೇಡಿ

ಈ ಬೇಸಿಗೆಯಲ್ಲಿ ಏಸಿ ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ. ಮಾರ್ಚ್ ಕೊನೆಯ ವಾರದಲ್ಲಿ ನಾನು 44,500 ರೂಪಾಯಿ ಕೊಟ್ಟು ತಂದ ಏಸಿ, ಏಪ್ರಿಲ್ ಎರಡನೆಯ ವಾರದಿಂದ ಪ್ರತಿದಿನ ಮಧ್ಯಾಹ್ನ, ಅಂದರೆ ಅದು ನಿಜವಾಗಿಯೂ ಬೇಕಾಗುವ ಹೊತ್ತಿಗೇ, ತಂಪು ಕೊಡುವುದನ್ನು ನಿಲ್ಲಿಸುತ್ತಿದೆ. ಕೆಟ್ಟಿದೆಯೇ ಎಂದರೆ ಕೆಟ್ಟಿಲ್ಲವಂತೆ. ಹಾಗಾದರೆ ಬದಲಿಸಿ ಕೊಡಿ ಎಂದರೆ ಬದಲಿಸುವುದಿಲ್ಲವಂತೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿರುವುದರಿಂದ ಕಂಪನಿಯ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಆ ಕಂಪನಿಯ ಮೇಲೆ ಇದ್ದದ್ದು ಬರಿಯ ನಂಬಿಕೆಯಲ್ಲ, ಅದೊಂದು ಮನೆತನದ ರೂಢಿಯಾಗಿತ್ತು. 1996ರ ವಿಶ್ವಕಪ್ ಕ್ರಿಕೆಟ್ ನೋಡಬೇಕೆಂದು ಅಪ್ಪ ತಂದ ಟಿವಿ ಅದೇ ಕಂಪನಿಯದು, ಹತ್ತೊಂಬತ್ತು ವರ್ಷ ನಡೆಯಿತು. ಅದರ ಮೇಲೆ ಅವ್ವ ಕಸೂತಿ ಹಾಕಿದ ಹೊದಿಕೆ ಈಗಲೂ ಟ್ರಂಕಿನಲ್ಲಿದೆ. ಆಮೇಲೆ ಬಂದ ಫ್ರಿಜ್ಜೂ ಅದೇ ಕಂಪನಿಯದು, ತಂಗಿಯ ಮದುವೆಗೆ ಕೊಟ್ಟ ವಾಷಿಂಗ್ ಮಷಿನ್ನೂ ಅದೇ. ಅಪ್ಪ ತೀರಿಕೊಂಡ ಮೇಲೆ ಆ ಹೆಸರು ನೋಡಿದಾಗಲೆಲ್ಲ ನನಗೆ ಅಪ್ಪನ ಆಯ್ಕೆಯೇ ನೆನಪಾಗುತ್ತಿತ್ತು. ಅಂಗಡಿಯವರ ಕೈಗೆ ನಾನು ಸಿಕ್ಕಿಬಿದ್ದದ್ದು ಅಲ್ಲಿಯೇ.

ನಮಗೆ ಬೇಕಾಗಿದ್ದದ್ದು ಏನು ಎಂಬುದು ಬಹಳ ಸರಳವಾಗಿತ್ತು. ಎಪ್ಪತ್ನಾಲ್ಕು ವರ್ಷದ ಅವ್ವ ಮಹಡಿಯ ಮೇಲಿನ ಕೋಣೆಯಲ್ಲಿರುತ್ತಾರೆ, ಅವರಿಗೆ ಬಿ.ಪಿ. ಇದೆ. ಕೋಣೆ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ, ಮೇಲೆ ನೇರವಾಗಿ ಬಿಸಿಲು ಬೀಳುವ ಆರ್‌ಸಿಸಿ ಮಾಳಿಗೆ, ಪಶ್ಚಿಮದ ಕಡೆಗೆ ಬಯಲಾದ ಗೋಡೆ. ಇಲ್ಲಿನ ಬೇಸಿಗೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವಷ್ಟು ಬಿಸಿಲು ಅದು. 2025ರ ಸೆಪ್ಟೆಂಬರ್ 22ರಿಂದ ಏಸಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದ್ದರಿಂದ, ಈ ವರ್ಷವಾದರೂ ಅವ್ವನಿಗೆ ಒಂದು ಏಸಿ ಹಾಕಿಸೋಣ ಎಂದು ಮನೆಯಲ್ಲಿ ಮಾತಾಯಿತು. ತೆರಿಗೆಯಲ್ಲಿ ಉಳಿದ ಹಣವನ್ನೂ ಅದರ ಮೇಲೆ ಇನ್ನಷ್ಟನ್ನೂ ನಾನು ಒಂದು ಹೆಸರಿಗಾಗಿ ಸುರಿದು ಬಂದೆ.

ಅಂಗಡಿಯಲ್ಲಿ ನಡೆದದ್ದು ಹೀಗೆ. ಒಳಗೆ ಕಾಲಿಟ್ಟವನೇ ನಾನು ಆ ಕಂಪನಿಯ ಹೆಸರು ಹೇಳಿ, ಬೇರೆ ಯಾವುದನ್ನೂ ತೋರಿಸಬೇಡಿ ಎಂದುಬಿಟ್ಟೆ. ಹುಡುಗನೊಬ್ಬ ಇನ್ನೊಂದು ಕಂಪನಿಯ ಒಂದೂವರೆ ಟನ್ನಿನ ಏಸಿಯ ಬಳಿ ನಿಂತು, “ಸರ, ಮ್ಯಾಲಿನ ಮನಿಗೆ ಇದು ಛಲೋ ಆಗತದ, ರೇಟೂ ಕಮ್ಮಿ ಅದ” ಎಂದ. ಅದು 38,000 ರೂಪಾಯಿಗಿತ್ತು. ನಾನು ಅವನ ಮಾತನ್ನು ಪೂರ್ತಿ ಕೇಳಲೇ ಇಲ್ಲ. ಗಲ್ಲಾದ ಬಳಿ ಕುಳಿತಿದ್ದ ಮ್ಯಾನೇಜರ್ ಎದ್ದು ಬಂದರು, ಆ ಹುಡುಗನನ್ನು ಆಚೆ ಕಳಿಸಿದರು, ನನ್ನ ಮನೆಯ ಹಳೆಯ ಟಿವಿಯ ಕತೆಯನ್ನು ಬಹಳ ಆಸಕ್ತಿಯಿಂದ ಕೇಳಿದರು. ನಾನು ಹೇಳಿದ ಕಂಪನಿಯದು ಅವರಲ್ಲಿ ಒಂದು ಟನ್ನಿನದು ಮಾತ್ರ ಇತ್ತು. ಕೋಣೆಗೆ ಸಾಲುತ್ತದೆಯೇ ಎಂದು ಕೇಳಿದೆ. ಅವರ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ: “ಈ ಕಂಪನಿದು ಒಂದು ಟನ್ ಅಂದ್ರ ಬ್ಯಾರೆಯವರ ಒಂದೂವರಿ ಟನ್ನಿಗೆ ಸಮ ಸರ. ನಿಮಗ ಗೊತ್ತೇ ಅದಲ್ಲ, ನೀವು ಹಳೇ ಗಿರಾಕಿ.” ಹಳೆಯ ಗಿರಾಕಿ ಎಂದದ್ದಕ್ಕೇ ನಾನು ಕರಗಿಹೋದೆ. ಬ್ಯಾಂಕಿನ ಕಾರ್ಡು ಕೊಟ್ಟೆ.

ಮಾರ್ಚ್ ತಿಂಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಏಪ್ರಿಲ್ ಎರಡನೆಯ ವಾರ ಒಂದು ದಿನ ಎರಡು ಗಂಟೆಯ ಹೊತ್ತಿಗೆ ಕಚೇರಿಯಿಂದ ಬಂದು ನೋಡಿದರೆ, ಅವ್ವ ಕೋಣೆಯನ್ನು ಬಿಟ್ಟು ಜಿನೆಯ ಕೆಳಗೆ ಒದ್ದೆ ಸೆರಗು ಹೊದ್ದುಕೊಂಡು ಕುಳಿತಿದ್ದರು. “ಯಪ್ಪಾ, ಅದರಾಗಿಂದು ಬರೇ ಗಾಳಿ ಬರಲಾಕತ್ತದ, ಥಂಡಿ ಇಲ್ಲ” ಎಂದರು. ಮೇಲೆ ಹೋಗಿ ನೋಡಿದೆ. ಏಸಿಯ ಮೇಲೆ 24 ಎಂದು ಹಸಿರು ಅಂಕಿ ಉರಿಯುತ್ತಿತ್ತು, ಗೋಡೆಯ ಥರ್ಮಾಮೀಟರ್ 34 ತೋರಿಸುತ್ತಿತ್ತು, ಮಾಳಿಗೆಯ ಮೇಲಿದ್ದ ಹೊರಘಟಕದ ಫ್ಯಾನು ತಿರುಗುತ್ತಲೇ ಇರಲಿಲ್ಲ. ಸಂಜೆ ಆರರ ಮೇಲೆ ತಾನಾಗಿಯೇ ಶುರುವಾಯಿತು. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ.

ಕಂಪನಿಗೆ ದೂರು ಕೊಟ್ಟ ಮೇಲೆ ತಿಳಿದದ್ದು, ಅವರಿಗೆ ನಮ್ಮ ಊರಿನಲ್ಲಿ ಏಸಿಯ ಸೇವಾ ಕೇಂದ್ರವೇ ಇಲ್ಲ. ಟಿವಿಯದು ಇದೆ, ಏಸಿಯದು ಇಲ್ಲ. ಒಂಬತ್ತನೆಯ ದಿನ ಹೈದರಾಬಾದಿನಿಂದ ಮೆಕ್ಯಾನಿಕ್ ಬಂದರು. ಗ್ಯಾಸ್ ನೋಡಿದರು, ಸರಿಯಿದೆ ಎಂದರು. ಕರೆಂಟು ನೋಡಿದರು, ಅದೂ ಸರಿಯಿದೆ ಎಂದರು. ಆಮೇಲೆ ನನ್ನ ಅಲ್ಮಾರಿಯಲ್ಲೇ ಇದ್ದ, ನಾನು ಒಮ್ಮೆಯೂ ಬಿಚ್ಚಿ ನೋಡದ ಕೈಪಿಡಿಯನ್ನು ತೆಗೆಸಿ, ಕೊನೆಯ ಪುಟಗಳಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೊರಗಿನ ಉಷ್ಣತೆ ಗರಿಷ್ಠ 43 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಕಂಪ್ರೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಂತುಬಿಡುತ್ತದೆ. ಹವಾಮಾನ ಇಲಾಖೆಯವರು 42 ಎನ್ನುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದ ಉಷ್ಣತೆ. ಕಾದ ಮಾಳಿಗೆಯ ಮೇಲೆ, ಪಶ್ಚಿಮದ ಗೋಡೆಗೆ ಆತುಕೊಂಡಿರುವ ಹೊರಘಟಕದ ಸುತ್ತ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಹಾಗಾಗಿ ನಮ್ಮ ಊರಿನಲ್ಲಿ ಅದು ದಿನಾಲೂ ನಿಲ್ಲಲೇಬೇಕು. 52 ಡಿಗ್ರಿಯವರೆಗೂ ನಡೆಯುವ ಏಸಿಗಳು ಮಾರುಕಟ್ಟೆಯಲ್ಲಿವೆ. ಆ ಹುಡುಗ ತೋರಿಸಲು ಹೋಗಿದ್ದ 38,000 ರೂಪಾಯಿಯದು ಅಂಥದ್ದೇ ಎಂಬುದನ್ನು ಆಮೇಲೆ ಹೋಗಿ ನೋಡಿಕೊಂಡು ಬಂದೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಮೆಕ್ಯಾನಿಕ್ ಹೊರಡುವಾಗ, ಮೂಲೆಯಲ್ಲಿ ಮಡಚಿಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನು ತೋರಿಸಿ, “ಇದು ಆ ಕಂಪನಿಯವರು ಮಾಡಿದ್ದಲ್ಲರಿ, ಓದಿ ನೋಡ್ರಿ” ಎಂದರು. ದೊಡ್ಡದಾಗಿ ಅಪ್ಪನ ಕಂಪನಿಯ ಹೆಸರು. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ತಯಾರಕರು ಎಂದು ನಾನು ಎಂದೂ ಕೇಳಿರದ ಬೇರೊಂದು ಕಾರ್ಖಾನೆಯ ಹೆಸರು. ಮೂವತ್ತು ವರ್ಷಗಳಿಂದ ನಾನು ನಂಬಿದ್ದವರು ಈ ಯಂತ್ರಕ್ಕೆ ಹೆಸರನ್ನಷ್ಟೇ ಕೊಟ್ಟಿದ್ದರು. ಹೀಗೆ ಒಬ್ಬರು ಮಾಡುವುದು, ಇನ್ನೊಬ್ಬರ ಹೆಸರಿನಲ್ಲಿ ಮಾರುವುದು ಕಾನೂನುಬಾಹಿರವಲ್ಲ ಎಂಬುದು ನನಗೆ ಗೊತ್ತು. ಆದರೆ ಅಪ್ಪನ ಟಿವಿಯ ಕತೆ ಹೇಳುತ್ತ ನಿಂತಿದ್ದ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದ ಆ ಮ್ಯಾನೇಜರಿಗೆ ಇದು ಗೊತ್ತಿತ್ತು. ಆ ಪೆಟ್ಟಿಗೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಅಂಗಡಿಗೆ ಹೋದೆ. ಅದೇ ಮ್ಯಾನೇಜರ್. “ಈ ಬಿಸಿಲಿಗೆ ಯಾವ ಏಸಿನೂ ನಡೆಯಂಗಿಲ್ಲ ಸರ” ಎಂದರು. ಕೈಪಿಡಿಯ ಸಾಲನ್ನು ತೋರಿಸಿದೆ. “ಅದು ನಾವು ಬರೆದದ್ದಲ್ಲ, ಕಂಪನಿಯವರು ಬರೆದದ್ದು” ಎಂದರು. ಒಂದು ಟನ್ ಒಂದೂವರೆ ಟನ್ನಿಗೆ ಸಮ ಎಂದು ನೀವೇ ಹೇಳಿದ್ದಿರಿ ಎಂದೆ. ಆಗ ಅವರು ನಾಲ್ಕು ಮಂದಿ ಗಿರಾಕಿಗಳ ಮುಂದೆ ಹೇಳಿದರು: “ನೀವ ಆ ಕಂಪನಿದು ಬೇಕಂತ ಕೇಳಿದ್ರಿ, ನಾವು ಕೊಟ್ಟೀವಿ. ನಮ್ಮ ಹುಡುಗ ಬ್ಯಾರೆ ತೋರಸ್ಲಿಕ್ಕೆ ಬಂದ್ರ ಬ್ಯಾಡ ಅಂದವರು ನೀವ.” ಅದು ನಿಜವಾಗಿತ್ತು. ನನಗೆ ಮರುಮಾತು ಹೊರಡಲಿಲ್ಲ. ಇವತ್ತಿಗೂ ರಾತ್ರಿ ಮಲಗಿದಾಗ ಆ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ. ನಾನು ಕೇಳಿದ್ದು ನಿಜ, ಆದರೆ ಸಾಲುತ್ತದೆಯೇ ಎಂದೂ ನಾನೇ ಕೇಳಿದ್ದೆನಲ್ಲ? ಅದಕ್ಕೆ ಸುಳ್ಳು ಉತ್ತರ ಕೊಟ್ಟವರು ಅವರಲ್ಲವೇ?

ಕಂಪನಿಯ ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿನಿಂದ ಹೇಳಬೇಕು, ಪ್ರತಿ ಸಲವೂ ಒಂದೇ ಉತ್ತರ: ಉತ್ಪನ್ನದಲ್ಲಿ ದೋಷವಿಲ್ಲ. ಹತ್ತು ವರ್ಷದ ವಾರಂಟಿ ಇದೆಯಲ್ಲ ಎಂದರೆ ಅದು ಕಂಪ್ರೆಸರಿಗೆ ಮಾತ್ರ, ಕಂಪ್ರೆಸರ್ ಚೆನ್ನಾಗಿಯೇ ಇದೆ ಎನ್ನುತ್ತಾರೆ. ಕೊನೆಗೆ ಮೊಬೈಲಿಗೆ ಸಂದೇಶ ಬಂತು, ನಿಮ್ಮ ದೂರನ್ನು ಪರಿಹರಿಸಲಾಗಿದೆ ಎಂದು.

ಟನ್ ಎಂಬುದು ಎಲ್ಲ ಕಂಪನಿಗೂ ಒಂದೇ ಅಳತೆ; ಒಂದು ಟನ್ ಎಂದರೆ ಸುಮಾರು 3,500 ವಾಟ್‌ನಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಅಷ್ಟೇ. ಅದನ್ನೂ ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇದ್ದಾಗ ಅಳೆದಿರುತ್ತಾರೆ. ನಕ್ಷತ್ರದ ಲೇಬಲ್ಲಿನಲ್ಲಿ ಈ ವಾಟ್ ಸಂಖ್ಯೆ ಬರೆದಿರುತ್ತದೆ. ನಕ್ಷತ್ರ ಹೇಳುವುದು ಕರೆಂಟಿನ ಉಳಿತಾಯವನ್ನು, ನಮ್ಮ ಬಿಸಿಲನ್ನು ತಡೆಯುವ ಶಕ್ತಿಯನ್ನಲ್ಲ. ಅಂಗಡಿಯಲ್ಲಿಯೇ ಕೈಪಿಡಿ ಬಿಚ್ಚಿಸಿ ಗರಿಷ್ಠ ಉಷ್ಣತೆಯ ಸಾಲನ್ನು ಓದಿ. ಪೆಟ್ಟಿಗೆಯ ಮೇಲಿನ ತಯಾರಕರ ಹೆಸರನ್ನು ಓದಿ. ಊರಿನಲ್ಲಿ ಸೇವಾ ಕೇಂದ್ರವಿದೆಯೇ ಎಂದು ಅಂಗಡಿಯವರನ್ನು ಕೇಳಬೇಡಿ, ನೀವೇ ಹೋಗಿ ನೋಡಿ. ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ನಾನು ಇದಾವುದನ್ನೂ ಮಾಡಲಿಲ್ಲ.

ಈಗಾಗಲೇ ಹೀಗೆ ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಆಗದಿದ್ದರೆ ನಮ್ಮ ಜಿಲ್ಲಾ ಆಯೋಗಕ್ಕೇ ಹೋಗಬಹುದು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲಿಯೇ ಇರಲಿ, ನಾವು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ನಾನು ಬಿಲ್ಲು, ಕೈಪಿಡಿಯ ಆ ಪುಟ, ಪೆಟ್ಟಿಗೆಯ ಫೋಟೊ, ಥರ್ಮಾಮೀಟರಿನ ಹದಿನಾರು ದಿನದ ಫೋಟೊಗಳು, ಎಲ್ಲವನ್ನೂ ಸೇರಿಸಿ ಕೊಟ್ಟಿದ್ದೇನೆ. ಅವ್ವನ ಹಾಸಿಗೆಯನ್ನು ಕೆಳಗಿನ ಪಡಸಾಲೆಗೆ ತಂದು ಕೂಲರ್ ಹಾಕಿದ್ದೇವೆ. ಆ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಬಿಸಾಡಲು ಬಿಟ್ಟಿಲ್ಲ, ವಿಚಾರಣೆಯ ದಿನ ಜೊತೆಗೆ ಒಯ್ಯಬೇಕು.