‘ನೋ ಹೀಟ್ ಕರ್ಲ್ಸ್’ ಅಂತ ಅಡ್ವಾನ್ಸ್ ಕೇಳಿದರೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ನಿಶ್ಚಿತಾರ್ಥ, ರಿಸೆಪ್ಶನ್, ಸೀಮಂತ ಅಂತ ಬೆಂಗಳೂರಿನಲ್ಲಿ ಹೇರ್‌ಸ್ಟೈಲಿಸ್ಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ‘ಹೀಟ್‌ಲೆಸ್’, ‘ಓವರ್‌ನೈಟ್ ಕರ್ಲ್ಸ್’ ಅಂತ ಹೇಳಿ ಯಾರಾದರೂ ಮಾಮೂಲಿಗಿಂತ ಜಾಸ್ತಿ ರೇಟು ಕೇಳುತ್ತಿದ್ದರೆ ಖಂಡಿತ ಓದಿ. ನನ್ನ ನಿಶ್ಚಿತಾರ್ಥದ ದಿನ ನನಗೆ ಮೋಸ ಮಾಡಿದರು. ಬರೆಯೋಕೂ ನಾಚಿಕೆಯಾಗುತ್ತಿದೆ, ಆದರೆ ಸುಮ್ಮನಿದ್ದರೆ ಮುಂದಿನ ವಾರ ಇನ್ನೊಬ್ಬ ಹುಡುಗಿಗೆ ಇದೇ ಆಗುತ್ತೆ.

ನನ್ನ ಕೂದಲು ಸೊಂಟದವರೆಗೆ ಇದೆ. ತೆಳು, ನೇರ. ಹಿಂದೆ ಸ್ಮೂದನಿಂಗ್ ಮಾಡಿಸಿದ ಮೇಲೆ ತುದಿಯೆಲ್ಲ ತುಂಡು ತುಂಡಾಗಿ ಉದುರುತ್ತಿತ್ತು. ಚರ್ಮದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಸ್ಟ್ರೇಟ್ನರ್ ಬೇಡ, ಕರ್ಲಿಂಗ್ ರಾಡ್ ಬೇಡ, ಸದ್ಯಕ್ಕೆ ಬಿಸಿ ಯಾವುದೂ ಬೇಡ ಅಂತ. ಅದಕ್ಕೇ ನಾನು ಬಿಸಿ ಇಲ್ಲದೆ ಕರ್ಲ್ ಮಾಡುವವರನ್ನು ಹುಡುಕಿದ್ದು. ಸಿಕ್ಕಿದ ಒಬ್ಬ ಸ್ಟೈಲಿಸ್ಟ್‌ಗೆ ಇದನ್ನು ಫೋನಿನಲ್ಲಿ ಹೇಳಿದ್ದೆ. ವಾಟ್ಸಾಪ್‌ನಲ್ಲಿ ಬರೆದೂ ಹಾಕಿದ್ದೆ. ಡಾಕ್ಟರ ಚೀಟಿಯ ಫೋಟೋ ಕೂಡ ಕಳಿಸಿದ್ದೆ. ಇಷ್ಟಕ್ಕಿಂತ ಇನ್ನೇನು ಮಾಡಬೇಕು ಹೇಳಿ?

ಅವರ ಉತ್ತರ ಹೀಗಿತ್ತು: ‘ನೀವು ಸರಿಯಾದ ಜಾಗಕ್ಕೇ ಬಂದಿದ್ದೀರ ಡಿಯರ್. ನಮ್ಮದು ಕೊರಿಯನ್ ಓವರ್‌ನೈಟ್ ಟೆಕ್ನಿಕ್. ಹೀಟ್ ಝೀರೋ. ಬೆಂಗಳೂರಲ್ಲಿ ನಾವೊಬ್ಬರೇ ಮಾಡೋದು.’ ಮಾಮೂಲಿ ಕರ್ಲ್ಸ್‌ಗೆ 3,500 ರೂಪಾಯಿ. ಇದಕ್ಕೆ 8,000. ಹಿಂದಿನ ರಾತ್ರಿ ಮನೆಗೆ ಬಂದು ಕಟ್ಟಬೇಕು, ಬೆಳಿಗ್ಗೆ ಬಂದು ಬಿಚ್ಚಬೇಕು, ಅದಕ್ಕೇ ಜಾಸ್ತಿ ಅಂತ. 4,000 ಅಡ್ವಾನ್ಸ್ ಹಾಕಿಸಿಕೊಂಡರು. ಟ್ರಯಲ್ ಕೇಳಿದೆ. ‘ಟ್ರಯಲ್ ಯಾಕೆ ಡಿಯರ್, ಫೋಟೋ ನೋಡಿದ್ರೆ ನನಗೆ ಗೊತ್ತಾಗುತ್ತೆ’ ಅಂದರು. ದುಡ್ಡು ಹೋಗಿ ತಲುಪುವ ತನಕ ಮಾತು ಜೇನು. ಆಮೇಲೆ ನೋಡಿ.

ರಾತ್ರಿ ಅವರು ಬರಲೇ ಇಲ್ಲ. ಇಬ್ಬರು ಹುಡುಗಿಯರನ್ನು ಕಳಿಸಿದರು, ಪಾಪ ಇಬ್ಬರೂ ಚಿಕ್ಕವರು. ಸ್ಪ್ರೇ ಬಾಟಲಿಯಲ್ಲಿ ಕೂದಲನ್ನು ನೀರು ತೊಟ್ಟಿಕ್ಕುವ ಹಾಗೆ ನೆನೆಸಿದರು. ಮೇಲೆ ದಪ್ಪಗೆ ಜೆಲ್ ಬಳಿದರು. ಸಣ್ಣ ಸಣ್ಣ ಪಾಲು ತೆಗೆದು, ಒಂದೊಂದನ್ನೂ ಹಗ್ಗದ ಥರ ಹೊಸೆದು, ಬುಡಕ್ಕೇ ಸುತ್ತಿ ಗಂಟು ಮಾಡಿ, ಅಂಗಡಿಯಲ್ಲಿ ಪೊಟ್ಟಣಕ್ಕೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದರು. ತಲೆ ತುಂಬಾ ಉಂಡೆಗಳು. ಮನೆ ತುಂಬಾ ನೆಂಟರು. ‘ಏನೇ ಇದು, ನಾಳೆ ಗಂಡಿನ ಕಡೆಯವರು ಬರೋ ಹೊತ್ತಿಗೆ ಬಿಚ್ತಾರೆ ತಾನೇ?’ ಅಂತ ಸೋದರತ್ತೆ ಕೇಳಿದರು. ಬಿಚ್ತಾರೆ ಅತ್ತೆ, ಬೆಳಿಗ್ಗೆ ನೋಡಿ ಹೇಗಿರುತ್ತೆ ಅಂತ ಎಲ್ಲರ ಮುಂದೆ ನಾನೇ ಹೇಳಿದೆ.

ಆ ರಾತ್ರಿ ನಿದ್ದೆ ಇಲ್ಲ. ತಲೆ ಯಾವ ಕಡೆ ಇಟ್ಟರೂ ಗಂಟು ಒತ್ತುತ್ತಿತ್ತು. ಹುಬ್ಬು ಮೇಲಕ್ಕೆ ಎಳೆದ ಹಾಗೆ. ಕಿವಿಯ ಹತ್ತಿರ, ಹಣೆಯ ಅಂಚಿನಲ್ಲಿ ಚರ್ಮ ಸಣ್ಣ ಸಣ್ಣ ಗುಳ್ಳೆ ಥರ ಎದ್ದಿತ್ತು. ನೋವಾಗ್ತಿದೆ ಅಂತ ಮೆಸೇಜ್ ಹಾಕಿದರೆ ಬಂದ ಉತ್ತರ: ‘ಬ್ಯೂಟಿಗೋಸ್ಕರ ಸ್ವಲ್ಪ ಸಹಿಸ್ಕೋಬೇಕು ಡಿಯರ್.’ ಜೊತೆಗೊಂದು ನಗುವ ಇಮೋಜಿ.

ಈಗ ಬೆಳಿಗ್ಗೆಯ ಕಥೆ. ಇದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಮೊದಲನೇ ಗಂಟು ಬಿಚ್ಚಿದರು. ಮೇಲ್ಗಡೆ ಜೆಲ್ ಒಣಗಿ ಗಟ್ಟಿಯಾಗಿತ್ತು. ಒಳಗೆ ಬೆರಳು ಹಾಕಿದರೆ ತಣ್ಣಗೆ, ಒದ್ದೆ. ಕರ್ಲ್ ಇಲ್ಲ. ಹೊಸೆದ ಗುರುತು ಒಂದಿಷ್ಟು ಕಾಣಿಸಿ, ನೋಡ್ತಾ ನೋಡ್ತಾ ಜಾರಿ ನೇರವಾಯಿತು. ಎರಡನೇದೂ ಹಾಗೇ. ಮೂರನೇದೂ ಹಾಗೇ. ಆ ಹುಡುಗಿಯ ಮುಖದಲ್ಲಿ ಆಶ್ಚರ್ಯ ಒಂಚೂರೂ ಇರಲಿಲ್ಲ. ಸುಮ್ನೆ ಬ್ಯಾಗ್ ತೆಗೆದಳು. ಬಾಚಣಿಗೆಗಳ ಕೆಳಗಿನಿಂದ ಕರ್ಲಿಂಗ್ ರಾಡ್ ಹೊರಗೆ ಬಂತು. ವೈರನ್ನು ನೀಟಾಗಿ ಸುತ್ತಿ ಇಟ್ಟಿದ್ದರು. ರಾಡ್ ಮೇಲೆ ಜೆಲ್ ಸುಟ್ಟು ಕಂದು ಬಣ್ಣಕ್ಕೆ ಅಂಟಿಕೊಂಡಿತ್ತು. ‘ಅಕ್ಕಾ, ಪ್ಲಗ್ ಪಾಯಿಂಟ್ ಎಲ್ಲಿದೆ?’ ಅಂತ ಕೇಳಿದಳು.

ಹೀಟ್ ಬೇಡ ಅಂತ ಬರೆದು ಕೊಟ್ಟಿದ್ದೇನಲ್ಲಮ್ಮ ಅಂದೆ. ಅವಳು ಹೇಳಿದ್ದು: ‘ಮೇಡಂ ಯಾವಾಗಲೂ ಇದನ್ನ ಇಟ್ಟೇ ಕಳಿಸೋದು ಅಕ್ಕ. ಗಂಟು ಬಿಚ್ಚಿದ ಮೇಲೆ ಎಲ್ಲರಿಗೂ ಇದರಲ್ಲೇ ಮಾಡೋದು. ವಿಡಿಯೋದಲ್ಲಿ ಇರೋದೂ ಇದೇ.’

ಎಲ್ಲರಿಗೂ ಇದರಲ್ಲೇ ಮಾಡೋದು! ಅರ್ಥವಾಯಿತಾ? ರಾತ್ರಿಯಿಡೀ ನಾನು ಸಹಿಸಿದ್ದು ಬರೀ ತೋರಿಕೆಗೆ. ಗಂಟು ಕಟ್ಟಿದ್ದು 8,000 ತೆಗೆದುಕೊಳ್ಳೋಕೆ ಒಂದು ನೆಪ. ನಾನು ನೋಡಿ ಮೆಚ್ಚಿ ಅಡ್ವಾನ್ಸ್ ಹಾಕಿದ ವಿಡಿಯೋಗಳಲ್ಲಿ ಗಂಟು ಬಿಚ್ಚುವುದನ್ನು ತೋರಿಸಿ, ಅಲ್ಲಿಗೆ ಕಟ್ ಮಾಡಿ, ರಾಡ್‌ನಲ್ಲಿ ಸುತ್ತಿದ ಕೂದಲನ್ನು ತೋರಿಸುತ್ತಾರೆ. ಮಧ್ಯದ್ದನ್ನು ತೋರಿಸಲ್ಲ.

ನಾನು ಅವರಿಗೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬ ಹುಡುಗಿ ಹಿಂದಿನ ಒಂದು ಪಾಲನ್ನು ಕಾದ ರಾಡ್‌ಗೆ ಸುತ್ತಿಬಿಟ್ಟಳು. ಚುಂಯ್ ಅಂತ ಸದ್ದು. ಸುಟ್ಟ ಕೂದಲಿನ ವಾಸನೆ. ಒದ್ದೆ ಕೂದಲಿಗೆ ಅಷ್ಟು ಬಿಸಿ ತಾಗಿದರೆ ಒಳಗಿನ ನೀರು ಆವಿಯಾಗಿ ಕೂದಲಿನ ಒಳಗೇ ಗುಳ್ಳೆ ಏಳುತ್ತೆ, ಅಲ್ಲೇ ತುಂಡಾಗುತ್ತೆ. ಒಣ ಕೂದಲಿಗೇ ಬಿಸಿ ಬೇಡ ಅಂದಿದ್ದ ತಲೆ ನನ್ನದು! ಎದ್ದು ನಿಂತು ರಾಡ್ ಕಿತ್ತುಕೊಂಡು ಇಬ್ಬರನ್ನೂ ಕಳಿಸಿದೆ.

ಆಮೇಲೆ ದೊಡ್ಡಮ್ಮ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ ಮಲ್ಲಿಗೆ ಮುಡಿಸಿದರು. ಆದರೆ ಆ ಜೆಲ್ ಬಿಡಲಿಲ್ಲ. ಬಿಳಿ ಪುಡಿಯಾಗಿ ಉದುರುತ್ತಲೇ ಇತ್ತು. ಮೆರೂನ್ ರೇಷ್ಮೆ ಬ್ಲೌಸಿನ ಭುಜದ ಮೇಲೆಲ್ಲ ಬಿಳಿ ಚೂರು. ತಟ್ಟೆ ಬದಲಾಯಿಸುವಾಗ, ಎಲ್ಲರೂ ನೋಡುತ್ತಿರುವಾಗ, ನನ್ನ ಅತ್ತೆಯಾಗುವವರು ಅದನ್ನು ಕೈಯಲ್ಲಿ ಕೊಡವಿ ಮೆಲ್ಲಗೆ ಕೇಳಿದರು: ‘ತಲೆಹೊಟ್ಟು ಜಾಸ್ತಿ ಇದೆಯೇನಮ್ಮ?’ ಅವರು ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಕ್ಷಣ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಫೋಟೋಗಳಲ್ಲೂ ಅದು ಕಾಣುತ್ತೆ. ಜೂಮ್ ಮಾಡೋದೂ ಬೇಡ.

ಈಗ ಆ ಸ್ಟೈಲಿಸ್ಟ್ ಕೊಟ್ಟ ಉತ್ತರಗಳು. ಇದನ್ನು ಓದಿ, ಯಾಕೆಂದರೆ ನಿಮಗೂ ಇದೇ ಮಾತು ಹೇಳುತ್ತಾರೆ.

ಮೊದಲು: ‘ಫಿನಿಶಿಂಗ್ ಟಚ್‌ಗೆ ಒಂಚೂರು ಹೀಟ್ ಕೊಡಲೇಬೇಕು ಡಿಯರ್, ಎಲ್ಲಾ ಕಡೆ ಹಾಗೇ.’ ಹೀಟ್ ಝೀರೋ ಅಂದಿದ್ದಿರಲ್ಲ ಅಂತ ಸ್ಕ್ರೀನ್‌ಶಾಟ್ ಕಳಿಸಿದೆ. ಆಗ: ‘ನಿಮ್ಮ ಕೂದಲೇ ಕರ್ಲ್ ಹಿಡಿಯಲ್ಲ, ಅದಕ್ಕೆ ನಾವೇನು ಮಾಡೋಕಾಗುತ್ತೆ?’ ಫೋಟೋ ನೋಡಿದರೆ ಗೊತ್ತಾಗುತ್ತೆ ಅಂದವರೂ ಇವರೇ! ಅಡ್ವಾನ್ಸ್ ವಾಪಸ್ ಕೇಳಿದೆ. ‘ನಮ್ಮ ಹುಡುಗೀರು ಬಂದಿದ್ದಾರೆ, ಟೈಂ ಕೊಟ್ಟಿದ್ದಾರೆ. ಬ್ಯಾಲೆನ್ಸ್ 4,000 ಹಾಕಿ.’ ಬ್ಯಾಲೆನ್ಸ್ ಕೇಳುತ್ತಾರೆ ರೀ! ಈಗ ಡಿಯರ್ ಇಲ್ಲ. ಎಲ್ಲರಿಗೂ ಹೇಳ್ತೀನಿ ಅಂದಿದ್ದಕ್ಕೆ: ‘ರಿವ್ಯೂ ಹಾಕಿದ್ರೆ ಲಾಯರ್ ನೋಟಿಸ್ ಬರುತ್ತೆ.’ ಅದಾದ ಮೇಲೆ ಮೆಸೇಜುಗಳನ್ನು ಡಿಲೀಟ್ ಮಾಡಿ ನನ್ನನ್ನು ಬ್ಲಾಕ್ ಮಾಡಿದರು. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಎಲ್ಲವೂ ಇದೆ.

ಇನ್ನೊಂದು ವಿಷಯಕ್ಕೆ ನನಗೆ ತುಂಬಾ ಕೋಪ ಬಂದಿದೆ. ಅದು ಕೊರಿಯನ್ ಟೆಕ್ನಿಕ್ ಅಲ್ಲವೇ ಅಲ್ಲ. ಅದು ಬಾಂಟು ನಾಟ್ಸ್. ಆಫ್ರಿಕಾದ ಹೆಂಗಸರು ತಲೆತಲಾಂತರದಿಂದ ಕಟ್ಟುತ್ತಾ ಬಂದಿರುವ ಕೇಶಶೈಲಿ. ದಕ್ಷಿಣ ಆಫ್ರಿಕಾದ ಜುಲು ಜನರ ಹೆಸರಲ್ಲಿ ಜುಲು ನಾಟ್ಸ್ ಅಂತಲೂ ಕರೆಯುತ್ತಾರೆ. 2020ರಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್ ಈ ಗಂಟು ಕಟ್ಟಿಕೊಂಡು ಫೋಟೋ ಹಾಕಿ ಜಗತ್ತೆಲ್ಲ ಚರ್ಚೆಯಾಗಿತ್ತು. ಕೂದಲಿನ ಕೆಲಸದಲ್ಲೇ ಇರುವವರಿಗೆ ಇದು ಗೊತ್ತಿಲ್ಲ ಅಂದರೆ ನಂಬೋಕಾಗುತ್ತಾ? ಬೇರೆಯವರ ವಿದ್ಯೆಯ ಹೆಸರು ಅಳಿಸಿ, ಈಗ ಓಡುವ ಹೆಸರು ಅಂಟಿಸಿ, ಅದನ್ನೂ ಸರಿಯಾಗಿ ಕಲಿಯದೆ ಮಾರುತ್ತಿದ್ದಾರೆ.

ಹೆಣ್ಣೂರು ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಜಾಸ್ತಿ ಇದ್ದಾರೆ, ನಿಮಗೆ ಗೊತ್ತಿರುತ್ತೆ. ನನ್ನ ಗೆಳತಿಯ ಪಕ್ಕದ ಮನೆಯಲ್ಲಿ ಜಿಂಬಾಬ್ವೆಯ ಹುಡುಗಿ ಇದ್ದಾಳೆ, ಓದಿನ ಜೊತೆ ಸ್ನೇಹಿತೆಯರ ತಲೆ ಹೆಣೆದು ಕೊಡುತ್ತಾಳೆ. ನನ್ನ ಹಣೆಯ ಅಂಚು ನೋಡಿ ಅವಳು ಮೊದಲು ಕೇಳಿದ್ದೇ ‘ಇಷ್ಟು ಬಿಗಿಯಾಗಿ ಯಾರು ಕಟ್ಟಿದ್ದು?’ ಅಂತ. ನೋವಾದರೆ ಅದು ತಪ್ಪಾಗಿ ಕಟ್ಟಿದ್ದು ಅಂತಲೇ ಲೆಕ್ಕವಂತೆ. ಇದನ್ನು ಡಾಕ್ಟರೂ ಹೇಳಿದರು. ಬುಡ ಎಳೆದು ಗುಳ್ಳೆ ಎದ್ದರೆ ತಕ್ಷಣ ಬಿಚ್ಚಬೇಕು, ಪದೇ ಪದೇ ಹಾಗೆ ಎಳೆಯುತ್ತಿದ್ದರೆ ಆ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು. ‘ಸಹಿಸ್ಕೋಬೇಕು ಡಿಯರ್’ ಅಂದರಲ್ಲ, ಅದನ್ನು ನೆನೆಸಿಕೊಳ್ಳಿ.

ಆ ಜಿಂಬಾಬ್ವೆಯ ಹುಡುಗಿ ಹೇಳಿದ ಕ್ರಮ ಬೇರೆಯೇ. ನಮ್ಮಂಥ ನೇರ ಕೂದಲಿಗೆ ತೊಟ್ಟಿಕ್ಕುವಷ್ಟು ನೀರು ಬೇಡವೇ ಬೇಡ. ತಲೆಸ್ನಾನ ಮಾಡಿ ಬಹುಪಾಲು ಒಣಗಿಸಿ, ಸ್ವಲ್ಪವೇ ತೇವ ಇರುವಾಗ ಕಟ್ಟಬೇಕು. ಕೂದಲು ಒದ್ದೆಯಾದಾಗ ಒಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಕರ್ಲ್ ನಿಲ್ಲೋದು ಅದರಿಂದಲೇ. ಗಂಟಿನ ಒಳಗೆ ಒದ್ದೆ ಉಳಿದರೆ ಬಿಚ್ಚಿದ ತಕ್ಷಣ ಜಾರುತ್ತೆ, ನನ್ನದು ಜಾರಿದ ಹಾಗೆ. ಸಣ್ಣ ಪಾಲು ತೆಗೆದರೆ ಬಿಗಿ ಸುರುಳಿ, ದೊಡ್ಡ ಪಾಲು ತೆಗೆದರೆ ಅಲೆ ಅಲೆ. ತುದಿಯನ್ನು ಗಂಟಿನ ಕೆಳಗೇ ಸಿಕ್ಕಿಸಿ ಪಿನ್ ಹಾಕಿದರೆ ಸಾಕು, ಪೊಟ್ಟಣದ ರಬ್ಬರ್ ಬ್ಯಾಂಡ್ ಕೂದಲು ಕತ್ತರಿಸುತ್ತೆ. ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳಬೇಕು. ಬಿಚ್ಚುವಾಗ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಬಿಚ್ಚಿ, ಬೆರಳಿಗೆ ಒಂಚೂರು ಎಣ್ಣೆ ಹಚ್ಚಿಕೊಂಡು ಬಿಡಿಸಬೇಕು, ಬಾಚಣಿಗೆ ಹಾಕಬಾರದು. ಅವಳು ನನ್ನ ಒಂದು ಪಾಲು ಕೂದಲಿಗೆ ಕಟ್ಟಿ ತೋರಿಸಿದಳು. ನೋವಿಲ್ಲ. ಮಾರನೇ ದಿನ ಬಿಚ್ಚಿದರೆ ಸುರುಳಿ ಬಂತು! ‘ಕರ್ಲ್ ಹಿಡಿಯಲ್ಲ’ ಅಂದ ಅದೇ ಕೂದಲು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಅವಳು.

ಇಷ್ಟು ಮಾಡಿ. ಟ್ರಯಲ್ ಇಲ್ಲದೆ ಅಡ್ವಾನ್ಸ್ ಹಾಕಬೇಡಿ, ಟ್ರಯಲ್‌ಗೆ ದುಡ್ಡು ಕೊಟ್ಟರೂ ಪರವಾಗಿಲ್ಲ. ಗಂಟು ಬಿಚ್ಚುವುದರಿಂದ ಹಿಡಿದು ಕೊನೆಯವರೆಗೆ ಕಟ್ ಇಲ್ಲದ ವಿಡಿಯೋ ಕೇಳಿ. ಯಾರು ಬರುತ್ತಾರೆ ಅಂತ ಹೆಸರು ಸಮೇತ ಬರೆಸಿಕೊಳ್ಳಿ. ರಾತ್ರಿ ಬಂದವರ ಬ್ಯಾಗ್‌ನಲ್ಲಿ ರಾಡ್ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಮೆಸೇಜುಗಳ ಸ್ಕ್ರೀನ್‌ಶಾಟ್ ಅವತ್ತವತ್ತೇ ತೆಗೆದಿಡಿ, ಇಂಥವರು ಡಿಲೀಟ್ ಮಾಡುತ್ತಾರೆ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಘಟನೆ ನಡೆದ 2 ವರ್ಷದೊಳಗೆ ದೂರು ಕೊಡಬಹುದು. ದೂರು ನಡೆಯುತ್ತಿರುವುದರಿಂದ ಇಲ್ಲಿ ಅವರ ಹೆಸರು ಹಾಕುತ್ತಿಲ್ಲ. ‘ಕೊರಿಯನ್ ಓವರ್‌ನೈಟ್ ಟೆಕ್ನಿಕ್’ ಅಂತ ನಿಮ್ಮಿಂದಲೂ ಯಾರಾದರೂ ಅಡ್ವಾನ್ಸ್ ತೆಗೆದುಕೊಂಡಿದ್ದು, ಬೆಳಿಗ್ಗೆ ರಾಡ್ ಹೊರಗೆ ಬಂದಿದ್ದರೆ, ಯುಪಿಐ ರಶೀದಿ ಹುಡುಕಿಟ್ಟು ನನಗೆ ತಿಳಿಸಿ. ಎಲ್ಲರ ದಾಖಲೆ ಸೇರಿಸಿಯೇ ಹೋಗೋಣ.