ಕಯಾಕಿಗೆ ಯಾವ ಬೀಕನ್? ಮೂರನ್ನು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈಗ ನನ್ನ ಲೈಫ್ ಜಾಕೆಟ್‌ಗೆ ಕಟ್ಟಿರುವುದು ಎಸಿಆರ್ ಕಂಪನಿಯ ರೆಸ್ಕ್ಯೂಲಿಂಕ್ 400 ಬೀಕನ್, ಅಂದರೆ ಅಪಾಯದಲ್ಲಿ ಬಟನ್ ಒತ್ತಿದರೆ ಉಪಗ್ರಹದ ಮೂಲಕ ಸಹಾಯಕ್ಕೆ ಕರೆಯುವ ಪುಟ್ಟ ಸಾಧನ. ಅದನ್ನು ಕೊಳ್ಳುವಾಗ ದೊಡ್ಡ ಎಡವಟ್ಟು ಮಾಡಿಕೊಂಡೆ. ಆದರೂ ಇವತ್ತು ಮತ್ತೆ ಕೊಳ್ಳಬೇಕೆಂದರೆ ಅದನ್ನೇ ಕೊಳ್ಳುತ್ತೇನೆ.

ನಾನಿರುವುದು ಆಕ್ಲೆಂಡಿನಲ್ಲಿ. ಭಾನುವಾರ ಬೆಳಿಗ್ಗೆ ಸೇಂಟ್ ಹೆಲಿಯರ್ಸ್ ಬೀಚಿನಲ್ಲಿ ಕಯಾಕ್ ಇಳಿಸಿ, ರಂಗಿಟೋಟೊ ದ್ವೀಪಕ್ಕೆ ಹೋಗಿ, ಬುತ್ತಿ ತಿಂದು ವಾಪಸ್ ಬರುವುದು ನಮ್ಮ ನಾಲ್ಕು ಜನರ ರೂಢಿ. ಹೋದ ವರ್ಷ ಆಗಸ್ಟಿನಲ್ಲಿ, ಅಂದರೆ ಇಲ್ಲಿಯ ಚಳಿಗಾಲದಲ್ಲಿ, ಬರುವ ದಾರಿಯಲ್ಲಿ ಗಾಳಿ ಎದ್ದಿತು. ಗಾಳಿ ಒಂದು ಕಡೆ, ನೀರಿನ ಇಳಿತ ಇನ್ನೊಂದು ಕಡೆ. ಅಲೆ ಗಿಡ್ಡಗೆ, ಕಡಿದಾಗಿ ಏಳತೊಡಗಿತು. ನನ್ನ ದೋಣಿ ಮಗುಚಿತು. ಜೊತೆಯವರು ಬೇಗನೆ ಬಂದು ಹತ್ತಿಸಿದರು, ಏನೂ ಆಗಲಿಲ್ಲ. ಆದರೆ ನನ್ನ ಫೋನು ಹಿಂದಿನ ಹ್ಯಾಚಿನೊಳಗೆ, ಡ್ರೈ ಬ್ಯಾಗಿನಲ್ಲಿತ್ತು. ನೀರಲ್ಲಿ ತೇಲುತ್ತಾ ಆ ಮುಚ್ಚಳವನ್ನೇ ನೋಡುತ್ತಿದ್ದೆ. ಅಷ್ಟು ಹತ್ತಿರದಲ್ಲಿದ್ದರೂ ತೆಗೆಯಲು ಆಗುವಂತಿರಲಿಲ್ಲ. ಮೈಮೇಲೆ ಇಲ್ಲದ ಸಾಮಾನು ಸಮುದ್ರದಲ್ಲಿ ನಮ್ಮದಲ್ಲ ಅಂತ ಅವತ್ತೇ ಗೊತ್ತಾಯಿತು.

ಹಾಗಾಗಿ ಮೈಮೇಲೆ ಕಟ್ಟಿಕೊಳ್ಳುವ ಬೀಕನ್, ಅಂದರೆ ಪಿಎಲ್‌ಬಿ ಹುಡುಕಲು ಹೊರಟೆ. ಆಂಟೆನಾ ಬಿಚ್ಚಿ ಬಟನ್ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಹೋಗುತ್ತದೆ. ಅಲ್ಲಿಂದ ನ್ಯೂಜಿಲೆಂಡಿನ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ಚಾರ್ಜ್ ಮಾಡುವ ಗೋಜಿಲ್ಲ.

ಎಡವಟ್ಟು ಆಗಿದ್ದು ಇಲ್ಲೇ. ಇಲ್ಲಿಯ ಅಂಗಡಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಆನ್‌ಲೈನಿನಲ್ಲಿ ಅಮೆರಿಕದ ಒಂದು ಅಂಗಡಿಯಿಂದ ತರಿಸಿದೆ. ಪೆಟ್ಟಿಗೆ ಬಂತು, ಸೆಲ್ಫ್ ಟೆಸ್ಟ್ ಮಾಡಿದೆ, ಹಸಿರು ದೀಪ ಬಂತು. ರಾತ್ರಿ ಊಟ ಆದ ಮೇಲೆ ನೋಂದಣಿ ಮಾಡಲು ಕೂತೆ. ನೋಂದಣಿ ಇಲ್ಲಿ ಪೂರ್ತಿ ಉಚಿತ. ಬೀಕನ್ ಮೇಲೆ 15 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದನ್ನು ಒಂದೊಂದಾಗಿ ನೋಡಿಕೊಂಡು ತುಂಬಿಸಿದೆ. ಒಪ್ಪಲಿಲ್ಲ. ತಪ್ಪು ಓದಿದೆನೇನೋ ಅಂತ ನಮ್ಮನೆಯವರಿಗೆ ಕೊಟ್ಟು ಜೋರಾಗಿ ಓದಿಸಿದೆ. ಆಗಲೂ ಇಲ್ಲ.

ಮರುದಿನ ವಿಚಾರಿಸಿದಾಗ ತಿಳಿಯಿತು. ಆ ಗುರುತಿನೊಳಗೆ ದೇಶದ ಸಂಖ್ಯೆಯೂ ಅಡಗಿರುತ್ತದೆ. ನ್ಯೂಜಿಲೆಂಡಿಗೆ 512, ಆಸ್ಟ್ರೇಲಿಯಾಕ್ಕೆ 503, ನಮ್ಮ ಭಾರತಕ್ಕೆ 419. ನನ್ನ ಬೀಕನ್‌ನಲ್ಲಿ ಇದ್ದದ್ದು ಅಮೆರಿಕದ ಸಂಖ್ಯೆ. ಒತ್ತಿದರೆ ಉಪಗ್ರಹಕ್ಕೆ ಕೇಳಿಸುತ್ತದೆ, ಆ ವಿಷಯದಲ್ಲಿ ತೊಂದರೆಯಿಲ್ಲ. ಆದರೆ ಇದು ಯಾರದು, ಯಾವ ದೋಣಿ, ಯಾರಿಗೆ ಫೋನ್ ಮಾಡಬೇಕು ಅಂತ ಹುಡುಕುವುದು ಅಮೆರಿಕದ ಪಟ್ಟಿಯಲ್ಲಿ. ಅಲ್ಲಿ ನನ್ನ ಹೆಸರೇ ಇಲ್ಲವಲ್ಲ!

ಸಂಖ್ಯೆ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಅಧಿಕೃತ ಸರ್ವಿಸ್‌ನವರಿಗೆ ಕಳಿಸಬೇಕು. ಕಳಿಸಿದೆ. ಕೊರಿಯರ್, ಸರ್ವಿಸ್ ಎಲ್ಲ ಸೇರಿ ನಾನು ಉಳಿಸಿದ್ದೆ ಅಂದುಕೊಂಡ ದುಡ್ಡು ಪೂರ್ತಿ ಹೋಯಿತು. ಮೂರು ವಾರ ನೀರಿಗೂ ಇಳಿಯಲಿಲ್ಲ. ಮಾರುವಾಗ ಆ ಅಂಗಡಿಯವರು ಒಂದು ಮಾತು ಹೇಳಬಹುದಿತ್ತು ಅಂತ ಈಗಲೂ ಬೇಜಾರಿದೆ. ದಯವಿಟ್ಟು ನೀವು ಎಲ್ಲಿ ದೋಣಿ ಇಳಿಸುತ್ತೀರೋ ಆ ದೇಶದಲ್ಲೇ ಕೊಳ್ಳಿ. ಬೇರೆ ಕಡೆಯಿಂದ ತರಿಸಲೇಬೇಕಾದರೆ ದೇಶದ ಸಂಖ್ಯೆ ಯಾವುದು ಅಂತ ಕೇಳಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ.

ಈ ಗಲಾಟೆಯಲ್ಲಿ ಖುಷಿ ಕೊಟ್ಟ ಒಂದು ಸಂಗತಿಯೂ ಸಿಕ್ಕಿತು. 419 ಇರುವ ಬೀಕನ್ ಎಲ್ಲೇ ಕೂಗಿಕೊಂಡರೂ ಆ ಸುದ್ದಿ ಹೋಗುವುದು ನಮ್ಮ ಬೆಂಗಳೂರಿಗೆ, ಇಸ್ರೋದ ಉಪಗ್ರಹ ನಿಗಾ ಘಟಕ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ.

ಇನ್ನು ಉಳಿದವು. ಓಷನ್ ಸಿಗ್ನಲ್‌ನ ಪಿಎಲ್‌ಬಿ1 ಅನ್ನು ಜೊತೆಯವರಿಂದ ಪಡೆದು ಕೆಲವು ಭಾನುವಾರ ಕಟ್ಟಿಕೊಂಡಿದ್ದೆ. 116 ಗ್ರಾಂ ತೂಕ, ಬ್ಯಾಟರಿ 7 ವರ್ಷ. ನನ್ನದು 5 ವರ್ಷ ಅಷ್ಟೇ, ಸ್ವಲ್ಪ ದಪ್ಪ ಕೂಡ. ಜೇಬಿನಲ್ಲಿ ಕೂರುವುದರಲ್ಲಿ ಪಿಎಲ್‌ಬಿ1 ಮುಂದೆ. ಆದರೆ ಅದು ತಾನಾಗಿ ತೇಲುವುದಿಲ್ಲ, ತೇಲುವ ಚೀಲಕ್ಕೆ ಹಾಕಬೇಕು. ಚೀಲ ಹಾಕಿದರೆ ನನ್ನ ಜಾಕೆಟ್ ಜೇಬಿಗೆ ಹಿಡಿಸುವುದಿಲ್ಲ. ನನಗೆ ಒದ್ದೆ ಗ್ಲೌಸ್‌ನಲ್ಲಿ ಸಾಮಾನು ಕೈ ಜಾರುವುದು ಜಾಸ್ತಿ. ರೆಸ್ಕ್ಯೂಲಿಂಕ್ ಜಾರಿದರೂ ಪಕ್ಕದಲ್ಲೇ ತೇಲುತ್ತಿರುತ್ತದೆ. ತೇಲುವುದು ಅಂದರೆ ತಾನೇ ನೆಟ್ಟಗೆ ನಿಂತು ಕೆಲಸ ಮಾಡುವುದು ಅಂತ ಅಲ್ಲ. ಆಂಟೆನಾ ಆಕಾಶಕ್ಕೆ ಮಾಡಿ ನಾವೇ ಹಿಡಿದಿರಬೇಕು.

ಗಾರ್ಮಿನ್ ಇನ್‌ರೀಚ್ ಮಿನಿ 2 ಅನ್ನು ಎರಡು ತಿಂಗಳು ಎರವಲು ಪಡೆದಿದ್ದೆ. ಒಳ್ಳೆಯ ಸಾಧನ, ಸುಳ್ಳು ಹೇಳಬಾರದು. ದ್ವೀಪ ಮುಟ್ಟಿದ ಕೂಡಲೇ "ತಲುಪಿದೆ" ಅಂತ ಉಪಗ್ರಹದ ಮೂಲಕ ಮನೆಗೆ ಸಂದೇಶ ಕಳಿಸಬಹುದು, ಅಲ್ಲಿಂದ ಉತ್ತರವೂ ಬರುತ್ತದೆ. ನಮ್ಮನೆಯವರಿಗೆ ಇದೇ ಇಷ್ಟ. ಆದರೆ ಚಂದಾ ಕಟ್ಟಬೇಕು, ಚಾರ್ಜ್ ಮಾಡಬೇಕು. ನಾನು ತಿಂಗಳಿಗೆ ಎರಡು ಮೂರು ಸಲ ಹೋಗುವವಳು. ಒಂದು ಬೆಳಿಗ್ಗೆ ಕಾರಿನಿಂದ ಸಾಮಾನು ಇಳಿಸುವಾಗ ನೋಡಿದರೆ ಬ್ಯಾಟರಿ 9 ಶೇಕಡಾ. ಚಾರ್ಜ್ ಮಾಡಲು ನಾನೇ ಮರೆತಿದ್ದೆ. ಜೀವ ಉಳಿಸುವ ಸಾಮಾನು ನನ್ನ ನೆನಪಿನ ಮೇಲೆ ನಿಲ್ಲುವುದು ನನಗೆ ಬೇಡ. ಅಂದಹಾಗೆ, ಊರಿಗೆ ಬರುವಾಗ ಇದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಅನುಮತಿ ಇಲ್ಲದೆ ಉಪಗ್ರಹ ಸಾಧನ ತಂದರೆ ಭಾರತದ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ದೋಣಿಗೇ ಅಳವಡಿಸುವ ಬೀಕನ್ ಆದ ಈಪರ್ಬ್ ದೊಡ್ಡ ದೋಣಿಗೆ ಸರಿ, ಕಯಾಕಿಗೆ ಭಾರ.

ವಿಎಚ್‌ಎಫ್ ರೇಡಿಯೋ ಮಾತ್ರ ಬಿಡಬೇಡಿ. ಹತ್ತಿರದ ದೋಣಿಯವರಿಗೆ ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿ ಕೇಳಿಸುವುದು ಅದೊಂದೇ.

ವಾರಗಟ್ಟಲೆ ದೂರ ಹೋಗುವವರು, ದಿನವೂ ಮನೆಗೆ ಸುದ್ದಿ ಕಳಿಸಬೇಕಾದವರು ಇನ್‌ರೀಚ್ ಕೊಳ್ಳಿ. ನನ್ನ ಹಾಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವರಿಗೆ, ಒಂದೇ ಸಲ ದುಡ್ಡು ಕೊಟ್ಟು ಮುಗಿಸುವವರಿಗೆ ತೇಲುವ ಪಿಎಲ್‌ಬಿ ಸಾಕು.

ಸಂಖ್ಯೆ ಬದಲಾಗಿ ಬಂದ ದಿನವೇ ನೋಂದಣಿ ಆಯಿತು. ತುರ್ತು ಸಂಪರ್ಕಕ್ಕೆ ಮೊದಲು ಶಿವಮೊಗ್ಗದ ತಮ್ಮನ ನಂಬರ್ ಕೊಟ್ಟಿದ್ದೆ. ಆಮೇಲೆ ತೆಗೆದೆ. ರಕ್ಷಣಾ ಕೇಂದ್ರದವರು ಫೋನ್ ಮಾಡಿ ಎಷ್ಟು ಜನ, ದೋಣಿಯ ಬಣ್ಣ ಯಾವುದು, ಎಲ್ಲಿಂದ ಹೊರಟರು ಅಂತ ಕೇಳುತ್ತಾರೆ. ಅವನಿಗೆ ಏನು ಗೊತ್ತಿರುತ್ತದೆ, ಪಾಪ! ಈಗ ನಮ್ಮನೆಯವರ ನಂಬರ್ ಇದೆ. ಅವರಿಗೆ ಕಿತ್ತಳೆ ಬಣ್ಣದ ದೋಣಿ, ಹಳದಿ ಜಾಕೆಟ್ ಅಂತ ಬಾಯಿಪಾಠ ಮಾಡಿಸಿದ್ದೇನೆ.