ಮಕ್ಕಳ ಚಿತ್ರಕಲೆಗೆ ಅಂತರ್ಜಾಲದ ನೆರವು: ವಿಜಯಪುರದ ಒಂದು ಪಡಸಾಲೆಯಿಂದ

ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಓಣಿಯ ಒಂಬತ್ತು ಮಕ್ಕಳು ಚಿತ್ರ ತೆಗೆಯಲು ಕೂಡುತ್ತಾರೆ. ಎಲ್ಲರೂ ಎರಡನೆಯ ಇಯತ್ತೆಯಿಂದ ಏಳನೆಯವರೆಗಿನವರು. ನಾನು ವೃತ್ತಿಯಿಂದ ಚಿತ್ರಕಲಾ ಶಿಕ್ಷಕಿಯಲ್ಲ. ಶಾಲೆಯಲ್ಲಿದ್ದಾಗ ಡ್ರಾಯಿಂಗಿನ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿಕೊಂಡದ್ದಷ್ಟೇ ನನ್ನ ಬಂಡವಾಳ. ಆದ್ದರಿಂದ ನನಗೆ ನಿಲುಕದ್ದನ್ನು ಕಲಿಸಲು ಅಂತರ್ಜಾಲದಲ್ಲಿ ಏನೇನು ಸಿಗುತ್ತದೆ ಎಂದು ಹುಡುಕತೊಡಗಿ, ಈ ವರ್ಷ ಯುಗಾದಿಯಿಂದ ಮಣ್ಣೆತ್ತಿನ ಅಮಾವಾಸ್ಯೆಯವರೆಗಿನ ಮೂರು ತಿಂಗಳಲ್ಲಿ ಕೆಲವು ಚಾನೆಲ್, ತಂತ್ರಾಂಶ ಮತ್ತು ಜಾಲತಾಣಗಳನ್ನು ಆ ಮಕ್ಕಳ ಮುಂದೆಯೇ ಬಳಸಿ ನೋಡಿದೆ. ನನ್ನ ಬಳಿ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಸಾಧಾರಣ ಮೊಬೈಲ್ ಮತ್ತು ದಿನಕ್ಕೆ ಒಂದೂವರೆ ಜಿಬಿಯ ಡೇಟಾ. ನನ್ನ ಒರೆಗಲ್ಲು ಕೂಡ ಒಂದೇ ಆಗಿತ್ತು. ಪರದೆ ಮುಚ್ಚಿದ ಮೇಲೆ ಮಗು ಇನ್ನೊಂದು ವಿಡಿಯೊ ಹಾಕಿರೆಂದು ಕಾಡುತ್ತದೆಯೋ, ಇಲ್ಲವೇ ತನ್ನ ಹಾಳೆಯ ಕಡೆಗೆ ತಿರುಗಿ ಪರದೆಯಲ್ಲಿ ಇರದಿದ್ದದ್ದನ್ನೇನಾದರೂ ಬರೆಯುತ್ತದೆಯೋ ಎಂಬುದನ್ನು ಮಾತ್ರ ನಾನು ನೋಡುತ್ತಿದ್ದೆ.

ಮೊದಲು ಹಣ ಕೊಟ್ಟು ಕೈಸುಟ್ಟುಕೊಂಡ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಮೊಬೈಲಿನಲ್ಲಿ ಪದೇ ಪದೇ ಜಾಹೀರಾತು ಕಾಣಿಸುತ್ತಿದ್ದ ಒಂದು ಆನ್‌ಲೈನ್ ಚಿತ್ರಕಲಾ ತರಗತಿಗೆ, ಹೆಸರು ಬೇಡ, ನನ್ನ ತಂಗಿಯ ಮಗಳನ್ನು ಒಂದು ತಿಂಗಳ ಮಟ್ಟಿಗೆ ಸೇರಿಸಿದ್ದೆ. ತರಗತಿಯಲ್ಲಿ ನಲವತ್ತು ಮಕ್ಕಳ ನಲವತ್ತು ಸಣ್ಣ ಕಿಟಕಿಗಳಿದ್ದವು. ಎಲ್ಲ ಕಿಟಕಿಗಳಲ್ಲೂ ತಾಸು ಮುಗಿಯುವ ಹೊತ್ತಿಗೆ ಒಂದೇ ಬಣ್ಣದ, ಒಂದೇ ಭಂಗಿಯ ಒಂಟಿಕೋಡಿನ ಕುದುರೆ ಸಿದ್ಧವಾಗುತ್ತಿತ್ತು. ಶಿಕ್ಷಕಿಯ ಕೈ ಚುರುಕಾಗಿದ್ದರೂ ಕಣ್ಣು ಯಾವ ಮಗುವಿನ ಹಾಳೆಯ ಮೇಲೂ ನಿಲ್ಲುತ್ತಿರಲಿಲ್ಲ. ತಿಂಗಳು ಮುಗಿದ ಮೇಲೆ ಎರಡನೆಯ ತಿಂಗಳ ಶುಲ್ಕ ಖಾತೆಯಿಂದ ತಾನಾಗಿಯೇ ಕಡಿತವಾಯಿತು. ಅದನ್ನು ನಿಲ್ಲಿಸುವ ಗುಂಡಿಯನ್ನು ಹುಡುಕಲು ನನಗೆ ಹಿಡಿದ ಹೊತ್ತಿನಲ್ಲಿ ನಾಲ್ಕು ಕುದುರೆಗಳನ್ನು ಬರೆಯಬಹುದಿತ್ತು. ಇಂಥ ಸೇವೆಗಳಿಗೆ ಸೇರುವವರು ಬ್ಯಾಂಕಿನ ಆ್ಯಪ್‌ನಲ್ಲಿ ತಾನಾಗಿ ಹಣ ಹೋಗುವ ಅನುಮತಿಯನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಉಚಿತವಾಗಿ ಸಿಗುವವುಗಳಲ್ಲಿ ಎಲ್ಲರಿಗೂ ಮೊದಲು ಎದುರಾಗುವುದು ಯೂಟ್ಯೂಬಿನ 'ಆರ್ಟ್ ಫಾರ್ ಕಿಡ್ಸ್ ಹಬ್'. ಅಮೆರಿಕದ ಒಂದು ಕುಟುಂಬ ನಡೆಸುವ ಈ ಚಾನೆಲ್‌ನಲ್ಲಿ ತಂದೆ ಒಂದು ಹಾಳೆಯ ಮೇಲೆ, ಪಕ್ಕದಲ್ಲಿ ಅವರ ಮಕ್ಕಳಲ್ಲೊಬ್ಬರು ಇನ್ನೊಂದು ಹಾಳೆಯ ಮೇಲೆ ಅದೇ ಚಿತ್ರವನ್ನು ಹಂತಹಂತವಾಗಿ ಬರೆಯುತ್ತ ಹೋಗುತ್ತಾರೆ. ಅದರ ನಿಜವಾದ ಗುಣ ಇರುವುದು ಈ ಎರಡನೆಯ ಹಾಳೆಯಲ್ಲಿ. ಮಗುವಿನ ಗೆರೆ ತಂದೆಯ ಗೆರೆಯಂತೆ ಇರುವುದಿಲ್ಲ, ಕಿವಿ ದೊಡ್ಡದಾಗಿರುತ್ತದೆ, ಬಾಲ ಹಾಳೆಯ ಅಂಚಿಗೆ ತಾಗುತ್ತದೆ, ಆದರೂ ಚಿತ್ರ ಮುಂದುವರಿಯುತ್ತದೆ. ಹೆಚ್ಚಿನ ಪಾಠಗಳಲ್ಲಿ ಅವರು ಪೆನ್ಸಿಲ್ ಬಿಟ್ಟು ನೇರವಾಗಿ ಕಪ್ಪು ಮಾರ್ಕರ್ ಹಿಡಿಯುವುದರಿಂದ, ರಬ್ಬರಿನಿಂದ ಹಾಳೆ ಹರಿಯುವಂತೆ ಉಜ್ಜುವ ನಮ್ಮ ಮಕ್ಕಳ ಚಟಕ್ಕೆ ಇದೊಂದು ಒಳ್ಳೆಯ ಮದ್ದಾಯಿತು. ಭಾಷೆ ಇಂಗ್ಲಿಷ್ ಆದರೂ ತೊಡಕಾಗಲಿಲ್ಲ. ಧ್ವನಿ ಬಂದ್ ಮಾಡಿ, ವೇಗವನ್ನು ಮುಕ್ಕಾಲಿಗೆ ಇಳಿಸಿ, ನಾನೇ ಕನ್ನಡದಲ್ಲಿ ಹೇಳುತ್ತ ಹೋದೆ.

ಆದರೆ ಅಲ್ಲಿನ ಋತುಗಳು ಅಲ್ಲಿಯವೇ. ಹಿಮದ ಗೊಂಬೆ, ಅಕ್ಟೋಬರಿನ ಕುಂಬಳಕಾಯಿಯ ಮುಖ, ಕ್ರಿಸ್‌ಮಸ್ ಮರ, ಕಾರ್ಟೂನಿನ ಪಾತ್ರಗಳು ಸಾಲುಸಾಲಾಗಿ ಬರುತ್ತವೆ. ಎಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಕುಳಿತು ಹಿಮದ ಗೊಂಬೆಗೆ ಉಣ್ಣೆಯ ಪಟ್ಟಿ ಕಟ್ಟುವ ಚಿತ್ರವನ್ನು ಬರೆಯುವಾಗ ಮಕ್ಕಳಿಗಿಂತ ನನಗೇ ಹೆಚ್ಚು ನಗು ಬಂತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇಲ್ಲಿ ಕಲಿತದ್ದು ಆ ಒಂದು ಚಿತ್ರದ ಮೆಟ್ಟಿಲುಗಳೇ ಹೊರತು ನೋಡುವ ರೀತಿಯಲ್ಲ. ಪರದೆಯ ಆನೆಯನ್ನು ಚೆಂದಾಗಿ ಬರೆದ ಹುಡುಗನಿಗೆ ಬಾಗಿಲಲ್ಲಿ ನಿಂತಿದ್ದ ಎಮ್ಮೆಯನ್ನು ಬರೆಯಲು ಹೇಳಿದರೆ, "ಅಕ್ಕಾರ, ಇದರ ವಿಡಿಯೊ ಐತೇನ್ರಿ?" ಎಂದು ಕೇಳಿದ. ಗೆರೆಯ ಹೆದರಿಕೆ ಬಿಡಿಸಲು ಎರಡು ಮೂರು ವಾರ ಇದನ್ನು ಬಳಸಬಹುದು, ಅದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ.

'ಟಕ್ಸ್ ಪೇಂಟ್' ಎಂಬ ತಂತ್ರಾಂಶದ ಬಗ್ಗೆ ನನಗೆ ಹೆಚ್ಚು ಆದರವಿದೆ. 2002ರಲ್ಲಿ ಹುಟ್ಟಿದ ಇದು ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದೇ ರೂಪಿಸಿದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಮತ್ತು ಆಂಡ್ರಾಯ್ಡ್ ಮೂರರಲ್ಲೂ ಓಡುತ್ತದೆ, ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲ ಬೇಡ, ಜಾಹೀರಾತಿಲ್ಲ, ಹಣವೂ ಇಲ್ಲ. ಕನ್ನಡದಲ್ಲಿಯೇ ತೆರೆದುಕೊಳ್ಳುವಂತೆ ಮಾಡಿಕೊಳ್ಳಬಹುದು. ಚಿತ್ರವನ್ನು ಉಳಿಸುವಾಗ ಕಡತದ ಹೆಸರು ಕೇಳಿ ಮಗುವನ್ನು ಗಾಬರಿಗೊಳಿಸುವುದಿಲ್ಲ. ಪ್ರತಿ ಸಲಕರಣೆಗೂ ಒಂದೊಂದು ಸದ್ದು ಇದೆ. ಒಂಬತ್ತು ಮಕ್ಕಳು ಸುತ್ತ ಕುಳಿತಾಗ ಆ ಸದ್ದು ಹತ್ತೇ ನಿಮಿಷದಲ್ಲಿ ತಲೆನೋವಾಗುವುದರಿಂದ ಮೊದಲೇ ಬಂದ್ ಮಾಡಿಡುವುದು ಲೇಸು.

ಅದರಲ್ಲಿರುವ ಮಾಯೆಯ ಸಲಕರಣೆಗಳ ಪೈಕಿ ಎಡಬಲ ಸಮ್ಮಿತಿ ಮತ್ತು ಕೆಲಿಡೊಸ್ಕೋಪ್ ಎಂಬೆರಡು ನಮ್ಮ ಕಡೆಯ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. ಒಂದು ಕಡೆ ಗೆರೆ ಎಳೆದರೆ ಇನ್ನೊಂದು ಕಡೆ ಅದರ ಕನ್ನಡಿಬಿಂಬ ತಾನೇ ಮೂಡುತ್ತದೆ. ಹೆಣ್ಣುಮಕ್ಕಳು ನೋಡಿದ ಕ್ಷಣವೇ ಇದು ರಂಗೋಲಿ ಎಂದರು. ನೇಕಾರರ ಮನೆಯ ಹುಡುಗನೊಬ್ಬ ಇಳಕಲ್ ಸೀರೆಯ ಸೆರಗಿನ ತೆನೆಯ ಸಾಲನ್ನು ಎಳೆಯತೊಡಗಿದ. ಇದು ನಾನು ಹೇಳಿಕೊಟ್ಟದ್ದಲ್ಲ, ಪರದೆಯಲ್ಲಿಯೂ ಇದ್ದದ್ದಲ್ಲ. ಆದರೂ ಒಂದು ಆಕ್ಷೇಪಣೆಯನ್ನು ದಾಖಲಿಸಲೇಬೇಕು. ನೆಲದ ಮೇಲೆ ಚುಕ್ಕಿ ಇಟ್ಟು ರಂಗೋಲಿ ಹಾಕುವಾಗ ಎಣಿಕೆ ತಪ್ಪಿದರೆ ಗೆರೆ ಕೂಡುವುದಿಲ್ಲ, ಆ ಎಣಿಕೆಯಲ್ಲಿಯೇ ಅರ್ಧ ವಿದ್ಯೆ ಇದೆ. ಇಲ್ಲಿ ಯಂತ್ರವೇ ಎಣಿಸಿಕೊಡುತ್ತದೆ. ಆದ್ದರಿಂದ ಪರದೆಯಲ್ಲಿ ಮಾಡಿದ ವಿನ್ಯಾಸವನ್ನು ಮರುದಿನ ಅಂಗಳದಲ್ಲಿ ಚುಕ್ಕಿ ಇಟ್ಟು ಹಾಕಿ ತೋರಿಸಬೇಕೆಂದು ನಿಯಮ ಮಾಡಿದೆ. ಇಬ್ಬರು ಮಾತ್ರ ಹಾಕಿದರು. ಉಳಿದವರ ಅಂಗಳದಲ್ಲಿ ಜಾಗವಿರಲಿಲ್ಲವಂತೆ.

ದೊಡ್ಡವರು ಬಳಸುವ 'ಕ್ರಿಟಾ' ಎಂಬ ಉಚಿತ ತಂತ್ರಾಂಶವನ್ನೂ ಏಳನೆಯ ಇಯತ್ತೆಯ ಹುಡುಗಿಗೆ ಕೊಟ್ಟು ನೋಡಿದೆ. ಅದು ಸಮರ್ಥವಾದದ್ದೇ, ಆದರೆ ಪದರ, ಕುಂಚ, ಪಟ್ಟಿಗಳ ಕಾಡಿನಲ್ಲಿ ಅವಳು ದಾರಿ ತಪ್ಪಿದಳು. ಪೆನ್ ಟ್ಯಾಬ್ಲೆಟ್ ಇಲ್ಲದೆ ಮೌಸಿನಿಂದ ಅದನ್ನು ಬಳಸುವುದರಲ್ಲಿ ಅರ್ಥವಿಲ್ಲ.

ಇನ್ನು ವಸ್ತುಸಂಗ್ರಹಾಲಯಗಳ ಮಾತು. ನನ್ನ ಮಟ್ಟಿಗೆ ಅಂತರ್ಜಾಲದ ನಿಜವಾದ ಉಪಕಾರ ಇಲ್ಲಿಯೇ ಇದೆ. 'ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್' 2011ರ ಫೆಬ್ರುವರಿಯಲ್ಲಿ 17 ಸಂಗ್ರಹಾಲಯಗಳೊಂದಿಗೆ ಆರಂಭವಾದದ್ದು. ಕೆಲವು ಚಿತ್ರಗಳನ್ನು ಎಷ್ಟು ಸೂಕ್ಷ್ಮವಾಗಿ ಸೆರೆಹಿಡಿದಿದ್ದಾರೆಂದರೆ ಹಿಗ್ಗಿಸುತ್ತ ಹೋದಂತೆ ಕುಂಚದ ಒಂದೊಂದು ಎಳೆಯೂ ಕಾಣುತ್ತದೆ. ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯ ಚಿತ್ರ ನ್ಯೂಯಾರ್ಕಿನಲ್ಲಿದೆ. ಅದನ್ನು ಪೂರ್ತಿಯಾಗಿ ತೋರಿಸದೆ, ಆಕಾಶದ ಒಂದು ಸುಳಿಯನ್ನು ಮಾತ್ರ ಪರದೆ ತುಂಬ ಹಿಗ್ಗಿಸಿ, ಇದೇನಿರಬಹುದು ಎಂದು ಕೇಳಿದೆ. ಮೂರನೆಯ ಇಯತ್ತೆಯ ಹುಡುಗಿ, "ನಮ್ಮಜ್ಜಿ ಅಂಗಳಾ ಸಾರಿಸಿದಾಂಗ ಐತ್ರಿ ಅಕ್ಕಾರ" ಎಂದಳು. ಸಗಣಿಯಿಂದ ಸಾರಿಸಿದ ನೆಲದ ಮೇಲೆ ಬೆರಳುಗಳು ಬಿಡುವ ಅರ್ಧಚಂದ್ರದ ಗುರುತುಗಳನ್ನು ನೋಡಿದವರಿಗೆ ಆ ಮಾತು ಎಷ್ಟು ನಿಖರವೆಂಬುದು ಗೊತ್ತಾಗುತ್ತದೆ. ಆ ವಾರ ಮಕ್ಕಳೆಲ್ಲ ಬಣ್ಣಕ್ಕೆ ಗೋಧಿಹಿಟ್ಟಿನ ಅಂಟು ಬೆರೆಸಿ, ಕುಂಚ ಬಿಟ್ಟು, ಬೆರಳಿನಿಂದಲೇ ಆಕಾಶ ಸಾರಿಸಿದರು. ಇದೇ ಆ್ಯಪ್‌ನಲ್ಲಿರುವ, ಹೆಸರಾಂತ ಚಿತ್ರಗಳಿಗೆ ಬೇಕಾದ ಬಣ್ಣ ತುಂಬುವ ಆಟ ಮಾತ್ರ ಹೊತ್ತು ಕಳೆಯಲಿಕ್ಕಷ್ಟೇ ಸರಿ.

ನ್ಯೂಯಾರ್ಕಿನದೇ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರ ಫೆಬ್ರುವರಿಯಲ್ಲಿ ತನ್ನಲ್ಲಿರುವ ಕೃತಿಗಳ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಹೇಗೆ ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಅದರ ಜಾಲತಾಣದಲ್ಲಿ ಒಂದು ರಾತ್ರಿ ಸುಮ್ಮನೆ 'ಬಿಜಾಪುರ' ಎಂದು ಇಂಗ್ಲಿಷಿನಲ್ಲಿ ಹುಡುಕಿದಾಗ ಸಿಕ್ಕದ್ದು ನಮ್ಮ ಆದಿಲ್‌ಶಾಹಿ ಮನೆತನದ ಚಿತ್ರ. ಕಮಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಕಲಾವಿದರು ಸುಮಾರು 1680ರಲ್ಲಿ, ಅಂದರೆ 1686ರಲ್ಲಿ ಔರಂಗಜೇಬನಿಗೆ ಈ ಊರು ವಶವಾಗುವುದಕ್ಕೆ ಕೆಲವೇ ವರ್ಷಗಳ ಮೊದಲು ಬರೆದದ್ದಿದು. ಬೇರೆಬೇರೆ ಕಾಲದಲ್ಲಿ ಆಳಿದ ಒಂಬತ್ತೂ ಸುಲ್ತಾನರು ಇದರಲ್ಲಿ ಒಂದೇ ಸಭೆಯಲ್ಲಿ ಕೂಡಿದ್ದಾರೆ; ಮೂಲಪುರುಷ ಯೂಸುಫನಿಗೆ ಇರಾನಿನ ಶಾ ಇಸ್ಮಾಯಿಲ್ ಅಧಿಕಾರದ ಕೀಲಿಕೈ ಕೊಡುತ್ತಿದ್ದಾನೆ. ಗೋಳಗುಮ್ಮಟದ ಮುಂದೆ ದಿನಾಲೂ ಸೈಕಲ್ ಹೊಡೆಯುವ ಮಕ್ಕಳಿಗೆ ಅದರೊಳಗೆ ಮಲಗಿರುವ ಮಹಮ್ಮದ್ ಆದಿಲ್‌ಶಾಹನಿಗೆ ಒಂದು ಮುಖವಿದೆ ಎಂಬುದು ಗೊತ್ತಾದದ್ದು ಸಾವಿರಾರು ಮೈಲಿ ಆಚೆಯ ಜಾಲತಾಣದಿಂದ ಎಂಬುದನ್ನು ನೆನೆದರೆ ಸಂತೋಷವೂ ಆಗುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ. ಇಲ್ಲಿಯೇ ಬರೆದ, ಮೈನಾ ಹಕ್ಕಿಯನ್ನು ಹಿಡಿದ ಯೋಗಿನಿಯ ಚಿತ್ರವನ್ನು ಕಾಣಬೇಕಾದರೆ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹಾಲಯದ ತಾಣಕ್ಕೆ ಹೋಗಬೇಕು.

ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಈ ತಾಣಗಳು ಮಗುವಿಗೆ ನೇರವಾಗಿ ದಕ್ಕುವುದಿಲ್ಲ, ದೊಡ್ಡವರೊಬ್ಬರು ಮೊದಲೇ ಓದಿಕೊಂಡು ಕೂಡಬೇಕು. ನಾನು ಚಿತ್ರವನ್ನು ಇಳಿಸಿಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ 50 ರೂಪಾಯಿಗೆ ಬಣ್ಣದ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಯಾರು ಯಾರ ಕಡೆ ನೋಡುತ್ತಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂಬುದನ್ನು ಹುಡುಕುವುದರಲ್ಲಿಯೇ ಒಂದು ರವಿವಾರ ಕಳೆಯಿತು. ಮುಂದಿನ ವಾರ ಪ್ರತಿಯೊಬ್ಬರೂ ತಮ್ಮ ಮನೆತನದವರನ್ನೆಲ್ಲ, ತೀರಿಹೋದವರನ್ನೂ ಸೇರಿಸಿ, ಒಂದೇ ಜಮಖಾನದ ಮೇಲೆ ಕೂಡಿಸಿ ಬರೆಯಬೇಕೆಂದು ಹೇಳಿದೆ. ಒಬ್ಬಳ ಚಿತ್ರದಲ್ಲಿ ಕೀಲಿಕೈ ಇರಲಿಲ್ಲ. ಮುತ್ತಜ್ಜಿ ಅಜ್ಜಿಯ ಕೈಗೆ ರೊಟ್ಟಿಯ ಹಂಚು ಕೊಡುತ್ತಿದ್ದಳು. ಮೂರು ತಿಂಗಳ ಎಲ್ಲ ಚಿತ್ರಗಳಲ್ಲಿ ಅದೊಂದನ್ನು ನಾನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ.

ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿಯು 2024ರಲ್ಲಿ ಮೂರನೆಯ ಮತ್ತು ಆರನೆಯ ತರಗತಿಗಳಿಗೆ ಹೊರತಂದ ಕಲಾ ಪಠ್ಯಪುಸ್ತಕಗಳು ಅದರ ತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಚಿತ್ರದ ಜೊತೆ ಸಂಗೀತ, ನೃತ್ಯ, ನಾಟಕಗಳನ್ನೂ ಒಳಗೊಂಡ ಅವು ಹಿಂದಿ ಮತ್ತು ಇಂಗ್ಲಿಷಿನಲ್ಲಿದ್ದರೂ, ಮುಂದಿನ ವಾರ ಏನು ಮಾಡಿಸಲಿ ಎಂದು ತಲೆ ಕೆರೆದುಕೊಳ್ಳುವ ನನ್ನಂಥವರಿಗೆ ಉಪಯುಕ್ತ.

ಕೊನೆಯದಾಗಿ 'ಸ್ಟಾಪ್ ಮೋಷನ್ ಸ್ಟುಡಿಯೊ'. ನಿಶ್ಚಲ ವಸ್ತುವನ್ನು ಸ್ವಲ್ಪಸ್ವಲ್ಪವೇ ಸರಿಸಿ ಒಂದೊಂದು ಫೋಟೊ ತೆಗೆದು ಜೋಡಿಸಿದರೆ ಅದು ನಡೆದಂತೆ ಕಾಣುವ ಹಳೆಯ ತಂತ್ರವನ್ನು ಈ ಆ್ಯಪ್ ಮೊಬೈಲಿಗೆ ತಂದಿದೆ. ಉಚಿತ ಆವೃತ್ತಿಯೇ ಮಕ್ಕಳಿಗೆ ಸಾಕು. ಹಿಂದಿನ ಫೋಟೊ ಮಸುಕಾಗಿ ಪರದೆಯ ಮೇಲೆ ಉಳಿಯುವುದರಿಂದ ವಸ್ತುವನ್ನು ಎಷ್ಟು ಸರಿಸಬೇಕೆಂಬ ಅಂದಾಜು ಸಿಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಹೇಗೂ ಎರೆಮಣ್ಣು ಕಲಸಿ ಜೋಡೆತ್ತು ಮತ್ತು ಅವು ಮೇವು ತಿನ್ನುವ ಗ್ವಾದಲಿ ಮಾಡುವವರೇ. ಎತ್ತುಗಳು ಬಾಗಿಲಿನಿಂದ ಗ್ವಾದಲಿಯವರೆಗೆ ನಡೆದು ಬರಬೇಕೆಂದು ಅವರೇ ತೀರ್ಮಾನಿಸಿದರು. ಸೆಕೆಂಡಿಗೆ 12 ಫೋಟೊದಂತೆ ಎಂಟು ಸೆಕೆಂಡಿಗೆ 96 ಫೋಟೊ ಬೇಕೆಂಬ ಲೆಕ್ಕವನ್ನು ಐದನೆಯ ಇಯತ್ತೆಯ ಹುಡುಗ ಬಾಯಲ್ಲೇ ಮಾಡಿದ.

ಬಳಸುವವರಿಗೆ ಕೆಲವು ಸೂಚನೆಗಳಿವೆ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ ನಿಲ್ಲಿಸಬೇಕು. ಕಿಟಕಿಯ ಬೆಳಕನ್ನು ನಂಬಿದರೆ ಮೋಡ ಬಂದು ಹೋದಂತೆಲ್ಲ ಚಿತ್ರ ಮಿಣುಕುತ್ತದೆ, ಆದ್ದರಿಂದ ಕಿಟಕಿ ಮುಚ್ಚಿ ಒಂದೇ ಬಲ್ಬಿನಲ್ಲಿ ತೆಗೆಯಬೇಕು. ಎರೆಮಣ್ಣು ಒಣಗಿದಂತೆ ಬಿರಿಯುವುದರಿಂದ ನಡುನಡುವೆ ಒದ್ದೆ ಬಟ್ಟೆ ಹೊದಿಸುತ್ತಿರಬೇಕು. ನಾವು ಈ ಕೊನೆಯದನ್ನು ಮರೆತೆವು. ಅರವತ್ತನೆಯ ಫೋಟೊದ ಹೊತ್ತಿಗೆ ಎಡಗಡೆಯ ಎತ್ತಿನ ಕೋಡು ಮುರಿದು ಬಿತ್ತು. ಮತ್ತೆ ಮೊದಲಿನಿಂದ ತೆಗೆಯೋಣವೆಂದು ನಾನು ಹೇಳುವಷ್ಟರಲ್ಲಿ ಮಕ್ಕಳು ಬಲಗಡೆಯ ಎತ್ತನ್ನು ಅದರ ಕಡೆ ತಿರುಗಿಸಿ ನಿಲ್ಲಿಸಿ, ಕೋಡು ಬೀಳುವುದನ್ನು ಅದು ನೋಡುವಂತೆ ಆರು ಫೋಟೊ ಹೆಚ್ಚಿಗೆ ತೆಗೆದರು. ಹೀಗಾಗಿ ಒಟ್ಟು ಫೋಟೊ 102 ಆದವು.